ಚಳಿಗಾಲದಲ್ಲಿ ಏರ್ ಪಿಸ್ತೂಲು: ಪೆಟ್ಟಿಗೆ ತೆರೆಯೋಕೆ ಅವಸರ ಬೇಡ

ಡಿಸೆಂಬರ್‌ನ ಒಂದು ಬೆಳಗ್ಗೆ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆ ಬೈಕಿನಲ್ಲಿ ಹೊರಟೆ. ಆರೂವರೆ ಇರಬಹುದು. ನಂದಿ ಬೆಟ್ಟ ಇರಬೇಕಾದ ಕಡೆ ಬೆಟ್ಟವೇ ಕಾಣಲಿಲ್ಲ, ಬರೀ ಮಂಜು. ಬೆನ್ನಿಗೆ ಬೀಗ ಹಾಕಿದ ಪಿಸ್ತೂಲಿನ ಪೆಟ್ಟಿಗೆ. ದೊಡ್ಡಪ್ಪನ ತೋಟ ಸೇರುವಷ್ಟರಲ್ಲಿ ಬೆರಳು ಮರಗಟ್ಟಿ ಹೋಗಿದ್ದವು.

ಅಲ್ಲಿನ ಹಳೇ ಹುಳುಮನೆಯೇ ನಮ್ಮ ಶೂಟಿಂಗ್ ಜಾಗ. ರೇಷ್ಮೆ ಹುಳು ಸಾಕೋದಕ್ಕೆ ದೊಡ್ಡಪ್ಪ ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿದ ಮೇಲೆ ಇದನ್ನು ನಮಗೆ ಬಿಟ್ಟುಕೊಟ್ಟರು. ಹೊಸ ಮನೆಯಲ್ಲಿ ಹುಳಕ್ಕೆ ಬೇಕು ಅಂತ ಇದ್ದಿಲು ಒಲೆ ಹಾಕಿ ಬೆಚ್ಚಗೆ ಇಟ್ಟಿದ್ದರು. ನಾನು ಚಳಿ ತಡೆಯಲಾರದೆ ಅದರ ಬಾಗಿಲ ಬಳಿಯೇ ಕೂತು ಪೆಟ್ಟಿಗೆ ತೆರೆದೆ. ಎರಡು ನಿಮಿಷ ಆಗಿರಬೇಕು. ಬ್ಯಾರೆಲ್ ಮೇಲೆ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹಾಗೆ ಬೆವರು. ಬನಿಯನ್ ಬಟ್ಟೆಯಲ್ಲಿ ಒರೆಸಿ ಸುಮ್ನೆ ಒಳಗಿಟ್ಟೆ. ಮೂರು ದಿನ ಬಿಟ್ಟು ನೋಡಿದರೆ ಕಾಕಿಂಗ್ ಲಿವರ್‌ನ, ಅಂದರೆ ಹೊಡೆಯುವ ಮುಂಚೆ ಎಳೆಯುವ ಸನ್ನೆಯ, ಪಿನ್ ಸುತ್ತ ಕಂದು ಉಂಗುರ. ತುಕ್ಕು.

ದೊಡ್ಡಪ್ಪ ನೋಡಿ ನಕ್ಕರು. "ಇಬ್ಬನಿ ಸೊಪ್ಪು ಹುಳಕ್ಕೆ ಹಾಕಬಾರದು ಅಂತ ಗೊತ್ತು, ಇಬ್ಬನಿ ಕಬ್ಬಿಣ ಪೆಟ್ಟಿಗೆಗೆ ಹಾಕಬಾರದು ಅಂತ ಗೊತ್ತಿಲ್ವೇನಪ್ಪ?"

ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಕಡೆ ಏರ್ ಪಿಸ್ತೂಲು ಹಿಡಿಯುವ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ.

ಮೊದಲು, ಯಾವ ಆಟ?

ಓಡುತ್ತಾ, ಬಾಗುತ್ತಾ, ಸೊಂಟದಿಂದ ಪಿಸ್ತೂಲು ಎಳೆದು ಪಟಪಟ ಹೊಡೆಯುವ ವಿಡಿಯೋ ನೋಡಿಕೊಂಡೇ ಹೆಚ್ಚಿನವರು ಬರುತ್ತಾರೆ. ಅದು ಪ್ರಾಕ್ಟಿಕಲ್ ಶೂಟಿಂಗ್. ಅದನ್ನು ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ 1976ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿತು. ಗಳಿಸಿದ ಅಂಕವನ್ನು ತಗೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ, ಬಂದದ್ದೇ ನಿಮ್ಮ ಲೆಕ್ಕ. ನೋಡೋಕೆ ಚೆಂದ. ಆದರೆ ಅಲ್ಲಿ ಜಾಸ್ತಿ ಬಳಸುವುದು 9 ಎಂಎಂ ಪಿಸ್ತೂಲು. ನಮ್ಮ ದೇಶದಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಗೆ ಅಳತೆ. ನಿಮಗೂ ನನಗೂ ಸಿಗುವಂಥದ್ದಲ್ಲ.

ನಮಗೆ ಕೈಗೆಟುಕುವುದು 10 ಮೀಟರ್ ಏರ್ ಪಿಸ್ತೂಲು. 4.5 ಎಂಎಂ ಪೆಲೆಟ್ (ಸೀಸದ ಪುಟ್ಟ ಗುಂಡು), ಒಂದೇ ಕೈ, ನಿಂತ ಜಾಗದಿಂದ 60 ಹೊಡೆತ. ಇದು ಮಕ್ಕಳಾಟ ಅಂದುಕೊಳ್ಳಬೇಡಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದದ್ದು ಇದರಲ್ಲೇ. ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದೂ ಇದರಲ್ಲೇ.

ಕಾನೂನಿನ ಮಾತು ಒಂದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಎಂಎಂ ಮೀರದ, ಶಕ್ತಿ 20 ಜೂಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಗುರುತಿನ ದಾಖಲೆ ಕೊಟ್ಟು ಅಂಗಡಿಯಲ್ಲೇ ಕೊಳ್ಳಿ, ಬಿಲ್ಲಿನ ನಕಲು ಪೆಟ್ಟಿಗೆಯಲ್ಲೇ ಇರಲಿ. ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವಾಗ ಪೆಟ್ಟಿಗೆಗೆ ಬೀಗ. ದೂರದಿಂದ ನೋಡಿದವರಿಗೆ ಅದು ಪಿಸ್ತೂಲೇ. ಸಂತೆಯಲ್ಲಿ ಹೊರಗೆ ತೆಗೆದು ತೋರಿಸುವ ವಸ್ತುವಲ್ಲ.

ಜಾಗ

ಹುಳುಮನೆ ಒಳ್ಳೆಯ ರೇಂಜ್ ಆಗುತ್ತದೆ, ಯಾಕೆಂದರೆ ಉದ್ದ ಇರುತ್ತದೆ. ನಿಂತ ಗೆರೆಯಿಂದ ಟಾರ್ಗೆಟ್ ಕಾರ್ಡಿನ ಮುಖಕ್ಕೆ ಸರಿಯಾಗಿ 10 ಮೀಟರ್. ಟಾರ್ಗೆಟ್‌ನ ನಡುವಿನ ಎತ್ತರ ನೆಲದಿಂದ 1.4 ಮೀಟರ್. ಕಾರ್ಡು 17 ಸೆಂಟಿಮೀಟರ್ ಚೌಕ, ಅದರ ಕಪ್ಪು ವೃತ್ತ 59.5 ಮಿಲಿಮೀಟರ್, ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಶರ್ಟಿನ ಗುಂಡಿಯಷ್ಟು.

ಟಾರ್ಗೆಟ್ ಹಿಂದೆ ಪೆಲೆಟ್ ಟ್ರ್ಯಾಪ್ ಬೇಕೇ ಬೇಕು. ಓರೆಯಾಗಿ ಕೂರಿಸಿದ ಉಕ್ಕಿನ ತಗಡು ಇರುವ ಡಬ್ಬ ಅದು. ಪೆಲೆಟ್ ಕೆಳಕ್ಕೆ ಬಡಿದು ಒಳಗೇ ಬೀಳುತ್ತದೆ. ಬರೀ ಗೋಡೆಗೆ ಹೊಡೆದರೆ ಸೀಸದ ಚೂರು ವಾಪಸು ಮುಖಕ್ಕೆ ಬರುತ್ತದೆ. ಟಾರ್ಗೆಟ್ ಕಡೆ ಇರುವ ಬಾಗಿಲಿಗೆ ಒಳಗಿನಿಂದ ಚಿಲಕ. ನಮ್ಮಲ್ಲಿ ಒಮ್ಮೆ ಒಬ್ಬ ಅಜ್ಜಿ ಸೊಪ್ಪಿನ ಹೊರೆ ಹೊತ್ತುಕೊಂಡು ಅಭ್ಯಾಸ ಬಲದಲ್ಲಿ ಆ ಬಾಗಿಲಿನಿಂದಲೇ ಒಳಗೆ ಬಂದುಬಿಟ್ಟರು. ಅವತ್ತು ಯಾರ ಕೈಯಲ್ಲೂ ಪಿಸ್ತೂಲು ಇರಲಿಲ್ಲ. ಚಿಲಕ ಅವತ್ತೇ ಬಿತ್ತು.

ಪಿಸ್ತೂಲು ತುಂಬದೆ ಇದ್ದರೂ ಮೂತಿ ಟಾರ್ಗೆಟ್ ಕಡೆಗೇ. ಹೊಡೆಯುವ ಹೊತ್ತಿನವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ. ಟೇಬಲ್ಲಿನ ಮೇಲೆ ಇಡುವಾಗ ಬ್ಯಾರೆಲ್ ತುಂಬಾ ಸೇಫ್ಟಿ ಫ್ಲ್ಯಾಗ್ ತೂರಿಸಿಡಿ. ಎರಡೂ ಕಡೆ ಕಾಣುವಷ್ಟು ಉದ್ದದ ಕಿತ್ತಳೆ ಬಣ್ಣದ ದಾರ ಅದು, ಬ್ಯಾರೆಲ್ ಖಾಲಿ ಅಂತ ತೋರಿಸೋಕೆ. ನಾವು ಕಳೆ ಕತ್ತರಿಸುವ ಮಿಷನ್ನಿನ ನೈಲಾನ್ ದಾರ ಬಳಸುತ್ತೇವೆ. ಕೃಷಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮ ಚಳಿ ಅಂದರೆ ಇಬ್ಬನಿ

ಹಿಮ ಬೀಳುವ ದೇಶಗಳಲ್ಲಿ ಪಿಸ್ತೂಲಿಗೆ ಕಾಟ ಕೊಡುವುದು ಗಟ್ಟಿಯಾದ ಗ್ರೀಸು. ಅಲ್ಲಿ ಹಳೆ ಎಣ್ಣೆಯನ್ನೆಲ್ಲ ತೆಗೆದು ತೆಳ್ಳನೆಯ ಸಿಂಥೆಟಿಕ್ ಎಣ್ಣೆಯನ್ನೋ ಒಣ ಗ್ರಾಫೈಟನ್ನೋ ಹಚ್ಚುತ್ತಾರೆ. ನಮ್ಮಲ್ಲಿ ಆ ಮಟ್ಟದ ಚಳಿ ಇಲ್ಲ. ಆದರೆ ನಮ್ಮ ಚಳಿ ಒದ್ದೆ. ಬೆಳಗ್ಗೆ 12-13 ಡಿಗ್ರಿ, ಮಧ್ಯಾಹ್ನ 27. ಮಧ್ಯದಲ್ಲಿ ಮಂಜು.

ಹುಳುಮನೆಯ ಗೋಡೆಗೆ ಜೋಡಿ ಥರ್ಮಾಮೀಟರ್ ನೇತು ಹಾಕಿರುತ್ತಾರಲ್ಲ, ಒಂದರ ತುದಿಗೆ ಒದ್ದೆ ಬತ್ತಿ ಸುತ್ತಿರುತ್ತದೆ. ಎರಡರ ಅಂತರ ನೋಡಿ ಪಟ್ಟಿಯಲ್ಲಿ ತೇವಾಂಶ ಓದುತ್ತಾರೆ. ನಾನು ಅದನ್ನೇ ಪಿಸ್ತೂಲಿಗೆ ಬಳಸಿಕೊಂಡೆ. ಕೋಣೆ 25 ಡಿಗ್ರಿ, ತೇವಾಂಶ ಶೇಕಡ 75 ಅಂದುಕೊಳ್ಳಿ. ಆಗ ಸುಮಾರು 20 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಲೋಹದ ಮೇಲೆ ನೀರು ಕೂರುತ್ತದೆ. ನನ್ನ ಪಿಸ್ತೂಲು ಬೈಕಿನಲ್ಲಿ 13 ಡಿಗ್ರಿಗೆ ಇಳಿದಿತ್ತು. ಬೆವರದೆ ಇನ್ನೇನು?

ಅದಕ್ಕೆ ಕ್ರಮ ಹೀಗೆ. ಹೊರಗಿನ ಚಳಿಯಿಂದ ಬಂದ ಪೆಟ್ಟಿಗೆಯನ್ನು ಮುಚ್ಚಿದ ಹಾಗೇ ಕೋಣೆಯೊಳಗೆ ಇಡಿ. ಕನಿಷ್ಠ ಅರ್ಧ ಗಂಟೆ, ಒಳಗೆ ಸ್ಪಂಜು ದಪ್ಪ ಇದ್ದರೆ ಒಂದು ಗಂಟೆ. ಪೆಟ್ಟಿಗೆಯೊಳಗಿನ ಗಾಳಿ ಸ್ವಲ್ಪವೇ, ಅದರಲ್ಲಿರುವ ತೇವವೂ ಸ್ವಲ್ಪವೇ. ಲೋಹ ನಿಧಾನಕ್ಕೆ ಕೋಣೆಯ ಬಿಸಿಗೆ ಬರುತ್ತದೆ. ಆಮೇಲೆ ತೆರೆಯಿರಿ. ಅಷ್ಟು ಹೊತ್ತು ನೀವು ಮೈ ಬಿಸಿ ಮಾಡಿಕೊಳ್ಳಿ. ಒಲೆ ಹತ್ತಿರ, ಬಿಸಿಲಲ್ಲಿ, ಹೇರ್ ಡ್ರೈಯರ್ ಮುಂದೆ ಪಿಸ್ತೂಲು ಹಿಡಿಯಬೇಡಿ. ಗಾಳಿ ಸೋರದ ಹಾಗೆ ತಡೆಯುವ ಸೀಲುಗಳು ಹಾಳಾಗುತ್ತವೆ, ಮರದ ಹಿಡಿ ಬಿರುಕು ಬಿಡುತ್ತದೆ.

ಆದರೂ ಬೆವರಿತು ಅನ್ನಿ. ಒರೆಸಿ ಒಳಗಿಡಬೇಡಿ. ಹಿಡಿಯ ಸ್ಕ್ರೂ ಬಿಚ್ಚಿ ಹಿಡಿ ತೆಗೆಯಿರಿ, ಯಾಕೆಂದರೆ ಮರ ಮತ್ತು ಲೋಹದ ನಡುವೆ ನಿಂತ ನೀರು ನಿಮಗೆ ಕಾಣುವುದಿಲ್ಲ. ಒಣ ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಪಿನ್ನುಗಳ ಸುತ್ತ ಹತ್ತಿ ಕಡ್ಡಿ ಆಡಿಸಿ. ಎರಡು ಗಂಟೆ ಹಾಗೇ ಗಾಳಿಗೆ ಬಿಡಿ. ಆಮೇಲೆ ಉಕ್ಕಿನ ಹೊರಮೈಗೆ ಎಣ್ಣೆ ಬಟ್ಟೆ ಒಂದು ಸಲ. ಪೆಟ್ಟಿಗೆಯ ಸ್ಪಂಜನ್ನೂ ಮುಟ್ಟಿ ನೋಡಿ. ನನ್ನ ಪಿನ್ನಿಗೆ ತುಕ್ಕು ಹಿಡಿಸಿದ್ದು ಬ್ಯಾರೆಲ್ ಮೇಲಿನ ಹನಿ ಅಲ್ಲ, ಮೂರು ದಿನ ಒದ್ದೆಯಾಗೇ ಇದ್ದ ಸ್ಪಂಜು. ಈಗ ಪೆಟ್ಟಿಗೆಯಲ್ಲಿ ಎರಡು ಸಿಲಿಕಾ ಜೆಲ್ ಚೀಲ ಇಟ್ಟಿದ್ದೇನೆ.

ಎಣ್ಣೆ: ಕಡಿಮೆ ಇದ್ದಷ್ಟೂ ಒಳ್ಳೇದು

ನಮ್ಮ ಗುಂಪಿನ ಒಬ್ಬ ಹುಡುಗ ಲಿವರ್ ಕಿರ್ ಅನ್ನುತ್ತೆ ಅಂತ ಅಡುಗೆಮನೆಯ ತೆಂಗಿನೆಣ್ಣೆ ಬಿಟ್ಟಿದ್ದ. ಅಕ್ಟೋಬರ್‌ನಲ್ಲಿ ಚೆನ್ನಾಗೇ ಇತ್ತು. ಡಿಸೆಂಬರ್ ಬೆಳಗ್ಗೆ ಲಿವರ್ ಅಲ್ಲಾಡಲಿಲ್ಲ. ಬಚ್ಚಲಲ್ಲಿಟ್ಟ ತೆಂಗಿನೆಣ್ಣೆ ಬಾಟಲಿ ಚಳಿಗಾಲದಲ್ಲಿ ಏನಾಗುತ್ತೆ ನೋಡಿದ್ದೀರಲ್ವಾ? 24 ಡಿಗ್ರಿ ಆಸುಪಾಸಿನಲ್ಲೇ ಅದು ಬೆಣ್ಣೆ.

ಹೊರಗಿನ ಉಕ್ಕಿಗೆ, ಲಿವರ್ ಪಿನ್ನಿಗೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಸೂಜಿ ತುದಿಯಲ್ಲಿ ಒಂದು ಹನಿ. ಗಾಳಿ ತುಂಬುವ ಸೀಲುಗಳಿಗೆ ಸಿಲಿಕೋನ್ ಗ್ರೀಸು ಮಾತ್ರ, ಅದೂ ಪಿಸ್ತೂಲಿನ ಜೊತೆ ಬಂದ ಪುಸ್ತಕ ಹೇಳಿದ ಕಡೆ ಮಾತ್ರ. ಟ್ರಿಗರ್ ಒಳಗೆ ಏನೂ ಬಿಡಬೇಡಿ. ಸ್ಪ್ರಿಂಗ್ ಪಿಸ್ತೂಲು ಇರುವವರು ಗಾಳಿ ಒತ್ತುವ ಕೊಠಡಿಗೆ ಎಣ್ಣೆ ಬಿಟ್ಟರೆ ಒತ್ತಡದ ಬಿಸಿಗೆ ಎಣ್ಣೆ ಡೀಸೆಲ್ ಇಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತದೆ. ಢಂ ಅಂತ ಸದ್ದು ಬಂದರೆ ಖುಷಿಪಡಬೇಡಿ, ಸೀಲು ಸುಡುತ್ತಿದೆ ಅಂತ ಅರ್ಥ. ಸ್ಪ್ರಿಂಗ್ ಪಿಸ್ತೂಲನ್ನು ಪೆಲೆಟ್ ಇಲ್ಲದೆ ಹೊಡೆಯಲೂಬಾರದು.

ಗಾಳಿ ಮತ್ತು ಗ್ಯಾಸು

ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಪಿಸ್ತೂಲಿಗೆ ಚಳಿ ನೇರವಾಗಿ ತಟ್ಟುತ್ತದೆ. ಆ ಸಿಲಿಂಡರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಒತ್ತಡ ಇದ್ದರೆ 10 ಡಿಗ್ರಿಗೆ ಅದು 45ಕ್ಕೆ ಇಳಿಯುತ್ತದೆ. ಪೆಲೆಟ್ ನಿಧಾನ, ಟಾರ್ಗೆಟ್ ಮೇಲಿನ ತೂತುಗಳ ಗುಂಪು ಕೆಳಕ್ಕೆ. ಬೆಳಗ್ಗೆ ಸೈಟ್, ಅಂದರೆ ಗುರಿ ನೋಡುವ ಮುಳ್ಳು, ಸರಿಮಾಡಿಕೊಂಡವನು ಹತ್ತು ಗಂಟೆಗೆ ಮತ್ತೆ ಸರಿಮಾಡಬೇಕು. ಹಳೇ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತು ಅಂತ ಇದನ್ನು ಕೊಳ್ಳುವವರು ಈ ಲೆಕ್ಕ ಹಾಕಿಕೊಳ್ಳಿ.

ಸಿಲಿಂಡರಿಗೆ ಮುಂಚೆಯೇ ಒತ್ತಡದ ಗಾಳಿ ತುಂಬಿಡುವ ಪಿಸಿಪಿ ಪಿಸ್ತೂಲಿಗೆ ಈ ತೊಂದರೆ ಕಡಿಮೆ. 30 ಡಿಗ್ರಿಯಲ್ಲಿ 200 ಬಾರ್ ತುಂಬಿದರೆ 10 ಡಿಗ್ರಿಗೆ 187ರ ಹತ್ತಿರ ಬರುತ್ತದೆ. ಮೀಟರ್ ಮುಳ್ಳು ಇಳಿದದ್ದು ನೋಡಿ ಲೀಕ್ ಆಯ್ತು ಅಂತ ಹೆದರಬೇಡಿ. ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಇರುವುದರಿಂದ ಹೊಡೆತದ ವೇಗ ಬದಲಾಗುವುದಿಲ್ಲ. ಇಲ್ಲಿನ ತಲೆನೋವು ಕೈಪಂಪು. ಮಂಜಿನ ಬೆಳಗ್ಗೆ ಪಂಪು ಮಾಡಿದರೆ ಗಾಳಿಯ ಜೊತೆ ನೀರೂ ಒಳಗೆ ಹೋಗುತ್ತದೆ. ಮಧ್ಯಾಹ್ನ ಒಣ ಹೊತ್ತಿನಲ್ಲಿ ತುಂಬಿ. ಐವತ್ತು ಸಲ ಒತ್ತಿದ ಮೇಲೆ ಹತ್ತು ನಿಮಿಷ ಬಿಡಿ, ಪಂಪಿನ ನೀರು ಹೊರಹಾಕುವ ಸ್ಕ್ರೂ ತೆರೆದು ಮುಚ್ಚಿ, ಆಮೇಲೆ ಮುಂದುವರಿಸಿ.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ವೆಲ್ಡಿಂಗ್ ಅಂಗಡಿಯವನು "ಬಾರಣ್ಣ, ನಮ್ಮ ಸಿಲಿಂಡರಿಂದ ತುಂಬಿಕೊಡ್ತೀನಿ" ಅಂತ ಪ್ರೀತಿಯಿಂದ ಕರೆಯಬಹುದು. ಅದು ಆಕ್ಸಿಜನ್. ಒತ್ತಡದ ಆಕ್ಸಿಜನ್ನಿಗೆ ಒಂದು ತೊಟ್ಟು ಎಣ್ಣೆ, ಗ್ರೀಸು ತಾಗಿದರೂ ಸ್ಫೋಟ. ಬರೀ ಗಾಳಿ ತುಂಬಿದ, ಮುಳುಗುವವರು ಬಳಸುವಂಥ ಸಿಲಿಂಡರಿನಿಂದ ಮಾತ್ರ ತುಂಬಿಸಿ. ನಿಮ್ಮ ಪಿಸ್ತೂಲಿನ ಸಿಲಿಂಡರ್ ಮೇಲಿನ ತಾರೀಖನ್ನೂ ಓದಿ. ಸಾಮಾನ್ಯವಾಗಿ ಹತ್ತು ವರ್ಷದ ಆಯಸ್ಸು. ಅವಧಿ ಮುಗಿದ ಸಿಲಿಂಡರ್ ತಂದರೆ ಪಂದ್ಯದಲ್ಲಿ ಅದರ ಹೊಣೆ ನಿಮ್ಮದೇ.

ಬ್ಯಾರೆಲ್

ಪೆಲೆಟ್ ಡಬ್ಬಿಯಲ್ಲಿ ಸಾಮಾನ್ಯವಾಗಿ 500 ಇರುತ್ತವೆ. ಡಬ್ಬಿ ಮುಗಿದ ದಿನ ಬ್ಯಾರೆಲ್ ಶುಚಿ ಮಾಡುವ ದಿನ. ನೆನಪಿಡೋಕೆ ಸುಲಭ. ಬ್ಯಾರೆಲ್ ಅಳತೆಯ ಫೆಲ್ಟ್ ಪೆಲೆಟ್ ಸಿಗುತ್ತವೆ. ಅವನ್ನು ಪೆಲೆಟ್ ಹಾಕುವ ಕಡೆಯಿಂದ ಮೂತಿಯ ಕಡೆಗೆ ತೂರಿಸಿ. ಮೊದಲನೆಯದು ಕಪ್ಪಗೆ ಬರುತ್ತದೆ, ನಾಲ್ಕನೆಯದು ಬೂದು. ಅಲ್ಲಿಗೆ ಸಾಕು. ಪಳಪಳ ಮಾಡಲು ಹೋಗಿ ತಂತಿ ಬ್ರಷ್ ಹಾಕಿದರೆ ಬ್ಯಾರೆಲ್ ಕೆಡುತ್ತದೆ.

ಮದ್ದಿನ ಗುಂಡು ಹಾರಿಸುವ .22 ಪಿಸ್ತೂಲನ್ನು ಕ್ಲಬ್ಬಿನಲ್ಲಿ ಲೈಸೆನ್ಸ್ ಮೇಲೆ ಹೊಡೆಯುವವರಿಗೂ ಒಂದು ಮಾತು. ಆ ಗುಂಡಿನ ಮೇಲೆ ಮೇಣದಂಥ ಲೇಪ ಇರುತ್ತದೆ. ಚಳಿಗೆ ಅದು ಗಟ್ಟಿಯಾಗಿ, ಮಸಿಯ ಜೊತೆ ಸೇರಿ ಸ್ಲೈಡನ್ನು ನಿಧಾನ ಮಾಡುತ್ತದೆ, ಗುಂಡು ಸಿಕ್ಕಿಕೊಳ್ಳುತ್ತದೆ. ಸ್ಲೈಡಿನ ಹಳೇ ಗ್ರೀಸು ಒರೆಸಿ ತೆಳು ಎಣ್ಣೆ ಹಚ್ಚಿ. ಗುಂಡಿನ ಡಬ್ಬಿ ರೇಂಜಿನ ತಣ್ಣನೆ ಟೇಬಲ್ಲಿನ ಮೇಲೆ ಬಿದ್ದಿರಬಾರದು.

ಕೈ

ಇಷ್ಟೆಲ್ಲ ಮಾಡಿದ ಮೇಲೆ ಚಳಿ ಹಿಡಿಯುವುದು ನಿಮ್ಮನ್ನೇ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು ಅಂತ ನಿಯಮ. ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ಮರಗಟ್ಟಿದ ಬೆರಳಿಗೆ ಅದು ತಿಳಿಯುವುದೇ ಇಲ್ಲ. ಟ್ರಿಗರ್ ಎಳೆತ ಎರಡು ಹಂತದ್ದು. ಮೊದಲ ಎಳೆತ ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವ ಮೊದಲೇ ಪೆಲೆಟ್ ಹೋಗಿರುತ್ತದೆ.

ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಬಿಸಿ ನೀರಿನ ಬಾಟಲಿ ಜೊತೆಗಿರಲಿ. ಕಾಫಿ ಬೇಡ ಅನ್ನುತ್ತೇನೆ ನಾನು, ಕೈ ನಡುಗುತ್ತದೆ. ಬಿಸಿ ರಾಗಿ ಗಂಜಿ ಕುಡಿದು ಬನ್ನಿ. ಚಳಿಗೆ ಅಂಗೈ ಸ್ವಲ್ಪ ಕುಗ್ಗುತ್ತದೆ, ಹಿಡಿ ಸಡಿಲ ಅನ್ನಿಸುತ್ತದೆ. ಆಗ ಹಿಡಿಯ ಸ್ಕ್ರೂ ತಿರುಗಿಸಿ ಬಿಗಿ ಮಾಡಿಕೊಂಡರೆ ಹತ್ತನೇ ಹೊಡೆತಕ್ಕೆ ಕೈ ಬಿಸಿಯಾಗಿ ಹಿಡಿ ಒತ್ತತೊಡಗುತ್ತದೆ. ಕೈ ಬಿಸಿ ಮಾಡಿಕೊಳ್ಳಿ, ಹಿಡಿಗೆ ಕೈ ಹಾಕಬೇಡಿ. ಸ್ವೆಟರ್ ತೋಳು ಮಣಿಕಟ್ಟಿನ ಮೇಲೆ ಬರದ ಹಾಗೆ ಮಡಚಿ. ಮಣಿಕಟ್ಟಿಗೆ ಯಾವ ಆಧಾರವೂ ಇರಬಾರದು, ಅದು ಕಣ್ಣಿಗೆ ಕಾಣುವ ಹಾಗೂ ಇರಬೇಕು. ಹೊಡೆಯುವ ಕೈಗೆ ಗಡಿಯಾರ, ಬಳೆ ಇಲ್ಲ. ಕಾಲಿನ ಹರಡು ಮುಚ್ಚುವ ಬೂಟೂ ಇಲ್ಲ.

ಈಗ ಒಂದೇ ಒಂದು ಹೊಡೆತ. ಪಿಸ್ತೂಲನ್ನು ಕಪ್ಪು ವೃತ್ತಕ್ಕಿಂತ ಮೇಲೆತ್ತಿ, ಉಸಿರು ಅರ್ಧ ಬಿಡುತ್ತಾ ಇಳಿಸಿ. ಕಪ್ಪಿನ ಕೆಳಗಿನ ಬಿಳಿಯಲ್ಲಿ ನಿಲ್ಲಿಸಿ. ಕಣ್ಣು ಮುಂದಿನ ಸೈಟಿನ ಮೇಲೆ. ಟಾರ್ಗೆಟ್ ಮಸುಕಾಗಿ ಕಾಣಲಿ ಬಿಡಿ. ಅಲುಗಾಟ ಪೂರ್ತಿ ನಿಲ್ಲುವುದಿಲ್ಲ, ನಿಲ್ಲಲಿ ಅಂತ ಕಾಯಬೇಡಿ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರು ಬಿಸಿನೀರಿನ ಗೂಡಿನಿಂದ ಎಳೆ ಹಿಡಿಯುವುದನ್ನು ನೋಡಿದ್ದೀರಾ? ಜಗ್ಗಿದರೆ ಎಳೆ ತುಂಡಾಗುತ್ತದೆ. ಬೆರಳು ಹಾಗೇ ಎಳೆಯಬೇಕು. ಪೆಲೆಟ್ ಹೋದ ಮೇಲೂ ಎರಡು ಸೆಕೆಂಡು ಅಲ್ಲೇ ಇರಿ. ಹತ್ತು ಸೆಕೆಂಡಾದರೂ ಹೊಡೆತ ಬಿಡಲಿಲ್ಲವೇ, ಕೈ ಇಳಿಸಿ. ಚಳಿಯಲ್ಲಿ ಇದು ಇನ್ನೂ ಮುಖ್ಯ. ಹಟಕ್ಕೆ ಹೊಡೆದದ್ದು ಏಳಕ್ಕೆ ಹೋಗುತ್ತದೆ.

ಪಂದ್ಯಕ್ಕೆ ಹೊರಟಾಗ

ರಾಷ್ಟ್ರ ಮಟ್ಟದ ಪಂದ್ಯಗಳು ಹಲವು ಸಲ ವರ್ಷದ ಕೊನೆಗೆ ದೆಹಲಿ, ಭೋಪಾಲಿನ ಕಡೆ ಬೀಳುತ್ತವೆ. ನಮ್ಮ ಚಳಿ ಅಲ್ಲಿನವರಿಗೆ ಬೇಸಿಗೆ. ವಿಮಾನದಲ್ಲಿ ಹೋಗುವವರು ಸಿಲಿಂಡರ್ ಖಾಲಿ ಮಾಡಿಕೊಂಡೇ ಹೋಗಬೇಕು, ವಿಮಾನ ಕಂಪನಿಯನ್ನು ಮುಂಚೆಯೇ ಕೇಳಿಬಿಡಿ. ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರೆ ಹೊಸ ಬ್ಯಾಟರಿ ಹಾಕಿ, ಇನ್ನೊಂದನ್ನು ಒಳಜೇಬಿನಲ್ಲಿಡಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ.

ಚಳಿ ಇಲ್ಲದೆಯೂ ಪಿಸ್ತೂಲು ಕೈಕೊಡಬಹುದು. ಟೋಕಿಯೊ ಒಲಿಂಪಿಕ್ಸ್ 2021ರ ಬೇಸಿಗೆಯಲ್ಲಿ ನಡೆಯಿತು. ಅರ್ಹತಾ ಸುತ್ತಿನ ಮಧ್ಯೆಯೇ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಸರಿಮಾಡಿಸಿಕೊಂಡು ವಾಪಸು ಬರುವಷ್ಟರಲ್ಲಿ ಗಡಿಯಾರ ಓಡಿತ್ತು. 575 ಅಂಕ ಬಂತು, ಎರಡೇ ಅಂಕದಲ್ಲಿ ಫೈನಲ್ ತಪ್ಪಿತು. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ 60 ಹೊಡೆತಕ್ಕೆ ನಿಮಗೆ ಸಿಗುವುದು 75 ನಿಮಿಷ, ಕಾಗದದ ಟಾರ್ಗೆಟ್ ಇದ್ದರೆ 90. ಅದಕ್ಕೂ ಮೊದಲು ತಯಾರಿಗೆ, ಸೈಟ್ ನೋಡಿಕೊಳ್ಳಲು 15 ನಿಮಿಷ. ಆ ಹದಿನೈದರಲ್ಲೇ ಪೆಟ್ಟಿಗೆ ತೆರೆದು ಬೆವರೊರೆಸುತ್ತಾ ಕೂರುವ ಹಾಗಾಗಬಾರದು. ಪಂದ್ಯದ ಹಾಲಿಗೆ ಒಂದು ಗಂಟೆ ಮುಂಚೆ ಹೋಗಿ, ಪೆಟ್ಟಿಗೆ ಮುಚ್ಚಿದ ಹಾಗೇ ಪಕ್ಕದಲ್ಲಿಟ್ಟುಕೊಂಡು ಕೂತಿರಿ. ಕನ್ನಡಕವೂ ಒಳಗಿನ ಬಿಸಿಗೆ ಬರಲಿ, ಇಲ್ಲದಿದ್ದರೆ ಅದರ ಮೇಲೂ ಮಂಜು ಕೂರುತ್ತದೆ.

ಅಭ್ಯಾಸ ಮುಗಿದ ಮೇಲೆ ಟ್ರ್ಯಾಪಿನ ಸೀಸವನ್ನು ಡಬ್ಬಿಗೆ ಸುರಿದು ಮುಚ್ಚಿಡಿ, ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ತಿಂಡಿ ಅದಾದ ಮೇಲೆಯೇ. ನಮ್ಮಲ್ಲಿ ಇದನ್ನು ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಹೊಸ ಹುಳುಮನೆಯ ಬಾಗಿಲಲ್ಲಿ ದೊಡ್ಡಪ್ಪ ಬಕೆಟ್ಟು, ಸೋಪು ಇಟ್ಟುಕೊಂಡು ನಿಂತಿರುತ್ತಾರೆ. ಸೀಸ ಮುಟ್ಟಿದ ಕೈಯಲ್ಲಿ ಅವರ ಸೊಪ್ಪು ಮುಟ್ಟುವ ಹಾಗಿಲ್ಲ.